ಪಂಚೆ ಮೇಲಿನ ಫ್ರೆಂಚು

ಶಾಂತಾ ಮಿಸ್ಸು ಪಾಠಕ್ಕೆ ಬಸ್ಸಿಳಿದು ಬರುವುದನ್ನು ಕಂಡವರು ಯಾರೋ ಮನೆ ಖಾಲಿ ಮಾಡಿಕೊಂಡು ಬಂದರೆಂದುಕೊಳ್ಳಬೇಕು. ಒಂದು ಹೆಗಲಿಗೆ ಪ್ರೊಜೆಕ್ಟರ್, ಇನ್ನೊಂದಕ್ಕೆ ಸ್ಪೀಕರ್, ಕಂಕುಳಲ್ಲಿ ಯಜಮಾನರ ಬಿಳಿ ಪಂಚೆ. ಬೀಚನಹಳ್ಳಿಯ ಸಮುದಾಯ ಭವನದ ಗೋಡೆಗೆ ಕಟ್ಟಿದರೆ ಅದೇ ಪರದೆ. ಕೋಟೆ ಪಟ್ಟಣದ ಶಾಲೆಯಲ್ಲಿ ಇಂಗ್ಲಿಷ್ ಟೀಚರಾಗಿದ್ದು ನಿವೃತ್ತರಾದ ಮೇಲೆ, ಫ್ರಾನ್ಸಿನ ಅತಿಥಿಗಳು ಬರುವ ರೆಸಾರ್ಟುಗಳಲ್ಲಿ ದುಡಿಯುವ ನಮ್ಮಂಥ ಹೆಂಗಸರಿಗೆ ಅವರು ಫ್ರೆಂಚ್ ಕಲಿಸುತ್ತಿದ್ದರು.

ಫ್ರೆಂಚರ ‘ರ’ ನಮಗೆ ಒಗ್ಗುತ್ತಿರಲಿಲ್ಲ. “ಬಾಯಿ ಮುಕ್ಕಳಿಸೋವಾಗ ಗಂಟ್ಲು ಗೊರಗೊರ ಅನ್ನಲ್ವಾ? ಅಂಗೇ ಕಣ್ರವ್ವಾ. ಫ್ರೆಂಚು ಕಚ್ಚಕಿಲ್ಲ, ಬಾಯಿ ಬುಡಿ” ಎನ್ನುವರು.

ಮೊದಮೊದಲು ಪ್ಯಾರಿಸ್ಸಿನ ರೈಲು, ಹಿಮ, ಕಾಫಿ ಅಂಗಡಿ ತೋರಿಸಿದರು. ಅದ್ಯಾವುದೂ ನಮಗೆ ನಮ್ಮದೆನಿಸಲಿಲ್ಲ. ಮುಂದಿನ ವಾರ ಕಬಿನಿ ಹಿನ್ನೀರು, ಆನೆ ಹಿಂಡು, ಕೊನೆಗೆ ರೆಸಾರ್ಟಿನಲ್ಲಿ ಹಾಸಿಗೆ ಹಾಸುವ ನನ್ನನ್ನೇ ಮೊಬೈಲಿನಲ್ಲಿ ವಿಡಿಯೋ ಮಾಡಿ ತಂದರು. ಪಂಚೆಯ ಮೇಲೆ ನನ್ನ ಬಾಯಿ ಆಡುತ್ತಿತ್ತು, ದನಿ ತೆಗೆದುಬಿಟ್ಟಿದ್ದರು. ನಾಚಿ ತಲೆ ತಗ್ಗಿಸಿದೆ.

“ಅಲ್ಲಿರೋಳು ನೀನು ಕಣೇ ಮಾದೇವಿ. ನಿನ್ ಮಾತ ಬ್ಯಾರೆಯೋರು ಆಡಿದ್ರೆ ಚಂದ್ವಾ?”

ಎದ್ದು ನಿಂತೆ. ಫ್ರೆಂಚಿನಲ್ಲೇ ಮಾತು ಬಂತು, ‘ರ’ ಸಮೇತ.

ಆ ವರ್ಷ ದೋಣಿ ಸಫಾರಿಗೆ ಗೈಡ್ ಬೇಕಾದಾಗ ಆ ಕೆಲಸ ನನಗೆ ಕೊಡಿ ಎಂದು ಕೇಳಿದೆ. “ಹಾಸಿಗೆ ಹಾಸೋಳು ನೀನು, ನಿನಗ್ಯಾಕಮ್ಮ ಅದೆಲ್ಲ?” ಎಂದು ಮ್ಯಾನೇಜರ್ ನಕ್ಕರು. ವಿಷಯ ತಿಳಿದ ಮಿಸ್ಸು ನೇರ ಅವರ ಮುಂದೆ ಹೋಗಿ ನಿಂತರು. “ಅರ್ಧ ಗಂಟೆ ಊಟದ ಹಾಲ್ ಕೊಡಿ ಸಾರ್. ಆಮೇಲೆ ನಿಮ್ಮಿಷ್ಟ.”

ಫ್ರಾನ್ಸಿನಿಂದ ಬಂದಿದ್ದ ಅತಿಥಿಗಳೆಲ್ಲ ಕೂತರು. ಗೋಡೆಯ ಮೇಲೆ ದನಿಯಿಲ್ಲದ ಹಿನ್ನೀರು ತೆರೆದುಕೊಂಡಿತು. ಆನೆ ಬಂತು, ನಾನು ಮಾತಾಡಿದೆ. ಮರಿ ಕೆಸರಿನಲ್ಲಿ ಜಾರಿತು. ಅದರ ತಾಯಿ ಬೈಯುವಂತೆ ಫ್ರೆಂಚಿನಲ್ಲೇ ಬೈದೆ. ಹಾಲ್‌ಗೆ ಹಾಲೇ ನಕ್ಕಿತು. ಒಬ್ಬ ಅಜ್ಜಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು, ಉತ್ತರ ಕೊಟ್ಟೆ. ಕೊನೆಗೆ ಚಪ್ಪಾಳೆ ನಿಲ್ಲಲೇ ಇಲ್ಲ.

“ನಾಳೆಯಿಂದ ದೋಣಿಗೆ ನೀವೇ ಹೋಗಿ, ಮಾದೇವಿಯವರೇ” ಎಂದರು ಮ್ಯಾನೇಜರ್. ಮಿಸ್ಸು ಮೂಲೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಮೈಸೂರಿನ ಮಗಳ ಮನೆಗೆ ಹೊರಡುವ ಮುನ್ನ ಅವರೊಮ್ಮೆ ಟಿಕೆಟ್ ತೆಗೆದುಕೊಂಡು ನನ್ನ ದೋಣಿ ಹತ್ತಿದರು. ವಿದೇಶಿಯರ ನಡುವೆ ಕೂತು, ಮಕ್ಕಳ ಹಾಗೆ ಕೈಯೆತ್ತಿ, ಫ್ರೆಂಚಿನಲ್ಲೇ ಒಂದು ಹಕ್ಕಿಯ ಹೆಸರು ಕೇಳಿದರು. ಹೇಳಿದೆ. ತಪ್ಪು ಹುಡುಕುವವರಂತೆ ಕ್ಷಣ ಕಾದು, ತಲೆದೂಗಿದರು.

ದಡಕ್ಕೆ ಬಂದಾಗ ಇಳಿಸಲು ಕೈ ನೀಡಿದೆ. ಗಟ್ಟಿಯಾಗಿ ಹಿಡಿದು, ಎಲ್ಲರೂ ಕೇಳುವಂತೆ ಫ್ರೆಂಚಿನಲ್ಲೇ ಧನ್ಯವಾದ ಹೇಳಿದರು: “ಮೆರ್ಸಿ, ಮದಾಮ್.”