ಕೆಲಮಂಗಲದ ಕೈಕೊಡಲಿಗಳು

ಏಪ್ರಿಲ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಏಳಕ್ಕೆ ಕಲಾಸಿಪಾಳ್ಯದಲ್ಲಿ ಹೊಸೂರಿನ ಬಸ್ಸು ಹತ್ತಿದೆ. ಆಗ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳುತ್ತಿದ್ದೆ. ಜೇಬಿನಲ್ಲಿ ಒಂದು ಇನ್‌ಲ್ಯಾಂಡ್ ಕಾಗದವಿತ್ತು. ಬರೆದವರು ಕೆಲಮಂಗಲದ ಹತ್ತಿರದ ಹಳ್ಳಿಯೊಂದರ ಶಾಲಾ ಮೇಷ್ಟ್ರು ವೆಂಕಟರಾಮಯ್ಯ. ಶಿಲಾಯುಗದ ಬಗ್ಗೆ ವಾರಪತ್ರಿಕೆಯಲ್ಲಿ ಬಂದಿದ್ದ ನನ್ನ ಲೇಖನ ಓದಿ, ತಮ್ಮೂರ ಗರಸುಗುಂಡಿಯಲ್ಲೂ ಅಂಥವೇ ಕಲ್ಲುಗಳು ಏಳುತ್ತಿವೆ ಎಂದು ತಿಳಿಸಿದ್ದರು. ಒಂದು ಕಲ್ಲನ್ನು ಕಾಗದದ ಮೇಲಿಟ್ಟು ಸುತ್ತಲೂ ಪೆನ್ಸಿಲ್ ಎಳೆದಿದ್ದರು. ಬಾದಾಮಿಯ ಆಕಾರ. ಆ ಗೆರೆ ನೋಡಿದ ಮೇಲೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ.

ಅತ್ತಿಬೆಲೆ ದಾಟಿ ಜೂಜುವಾಡಿಗೆ ಬರುತ್ತಿದ್ದಂತೆ ಅಂಗಡಿ ಬೋರ್ಡುಗಳು ತಮಿಳಿಗೆ ತಿರುಗಿದವು, ಮಾತು ಮಾತ್ರ ತಿರುಗಲಿಲ್ಲ. ಹೊಸೂರಿನಲ್ಲಿ ಹೊಸ ಕಾರ್ಖಾನೆಗಳ ಕಾಂಪೌಂಡುಗಳು ಏಳುತ್ತಿದ್ದವು. ಅವುಗಳಿಗೆ ಹೋಗುವ ರಸ್ತೆಗಳಿಗೆ ಕೆಂಪು ಗರಸು ಸುರಿದಿದ್ದರು. ಆ ಧೂಳು ಇಡ್ಲಿಯ ಜೊತೆ ಬಾಯಿಗೂ ಬಂತು. ಒಂದು ಗಂಟೆ ಕಾದು ಕೆಲಮಂಗಲದ ಬಸ್ಸು ಹಿಡಿದೆ. ಕೆಲಮಂಗಲಕ್ಕೆ ಒಂದು ಮೈಲಿ ಇರುವಾಗಲೇ, ನಾನು ಹೇಳಿದ್ದ ಕಡೆ, ಕಂಡಕ್ಟರ್ ಸೀಟಿ ಊದಿ ನನ್ನನ್ನು ಇಳಿಸಿದ. ಕೊಡೆ ಹಿಡಿದುಕೊಂಡು ಮೇಷ್ಟ್ರು ರಸ್ತೆಯ ಪಕ್ಕದಲ್ಲೇ ನಿಂತಿದ್ದರು. ಐವತ್ತು ದಾಟಿದ, ಮೆತ್ತಗೆ ಮಾತಾಡುವ ಮನುಷ್ಯ.

ಗುಂಡಿ ರಸ್ತೆಗೆ ತಾಗಿಕೊಂಡೇ ಇತ್ತು. ಎರಡಾಳು ಆಳ. ಮೂವತ್ತು ಜನ ಕೆಲಸ ಮಾಡುತ್ತಿದ್ದರು. ಗಂಡಸರು ಹಾರೆಯಿಂದ ಕೀಳುವುದು, ಹೆಂಗಸರು ಜರಡಿ ಹಿಡಿದು ಗರಸನ್ನು ಲಾರಿಗೆ ಹೊರುವುದು. ಜರಡಿಯಲ್ಲಿ ಉಳಿದ ದಪ್ಪ ಕಲ್ಲುಗಳನ್ನು ಕೆಲವರು ಸುತ್ತಿಗೆಯಿಂದ ಒಡೆದು ಜಲ್ಲಿ ಮಾಡುತ್ತಿದ್ದರು. ಅವರಲ್ಲೊಬ್ಬಳನ್ನು ಮೇಷ್ಟ್ರು ಕರೆದರು.

"ಇವಳು ಮುನಿಯಮ್ಮ. ಕಲ್ಲು ಮೊದಲು ಕಂಡದ್ದು ಇವಳಿಗೆ ಸಾರ್, ನನಗಲ್ಲ."

ನಲವತ್ತರ ಆಸುಪಾಸಿನ ಹೆಂಗಸು. ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ಜಲ್ಲಿ ಒಡ್ಯೋಕೆ ಕಲ್ಲು ಕೈಗೆ ತಕ್ಕಂತೀನಲ್ಲಾ ಸಾಮಿ, ಕೆಲವು ಕೈಯಾಗೆ ತಾವಾಗೇ ಕೂತ್ಕಂಬುಡ್ತವೆ. ಯಾರೋ ಹಿಡ್ಕಳಕ್ಕೆ ಅಂತ್ಲೇ ಮಾಡವ್ರೆ ಅನ್ನುಸ್ತು. ಒಡ್ಯೋಕೆ ಮನ್ಸು ಬರ್ನಿಲ್ಲ. ಮೇಷ್ಟ್ರಿಗೆ ಕೊಟ್ಟೆ."

ಹೊಂಗೆ ಮರದ ಬುಡದಲ್ಲಿ ಅವಳು ತೆಗೆದಿಟ್ಟಿದ್ದ ಹದಿನಾಲ್ಕು ಕಲ್ಲುಗಳಿದ್ದವು. ಒಂದನ್ನು ಎತ್ತಿಕೊಂಡೆ. ಎರಡೂ ಕಡೆ ಚಕ್ಕೆ ಎಬ್ಬಿಸಿ ಅಂಚು ತೆಗೆದ ಕೈಕೊಡಲಿ. ಬುಡ ಅಂಗೈಗೆ ಸರಿಯಾಗಿ ಕೂತಿತು. ಪುಸ್ತಕದಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ ನೋಡಿದ್ದೆನೇ ಹೊರತು ಮಣ್ಣಿನಿಂದ ಎದ್ದದ್ದನ್ನು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಗುಂಡಿಯ ಗೋಡೆಯಲ್ಲಿ ಇನ್ನೂ ಐದಾರು ಮೂತಿ ಚಾಚಿದ್ದವು. ಅವಕ್ಕೆಲ್ಲ ಸೀಮೆಸುಣ್ಣದ ಗುರುತು ಹಾಕಿದೆ.

ಕೈಗೆ ಸಿಕ್ಕಷ್ಟನ್ನು ಚೀಲಕ್ಕೆ ಹಾಕಿಕೊಂಡು ಅವತ್ತೇ ಬೆಂಗಳೂರಿಗೆ ಹೊರಟುಬಿಡಬೇಕಿತ್ತು. ಆದರೆ ನನಗೆ ನನ್ನ ವಿದ್ಯೆ ತಲೆಗೇರಿತ್ತು. ಕಲ್ಲು ಸಿಕ್ಕ ಜಾಗದಲ್ಲೇ ಸರ್ಕಾರದವರು ನೋಡಬೇಕು, ಅಲ್ಲಿಯವರೆಗೆ ಯಾರೂ ಒಂದನ್ನೂ ಕದಲಿಸಬಾರದು ಎಂದೆ. ಮುನಿಯಮ್ಮ ಮೊದಲು ಕೊಟ್ಟಿದ್ದ ಒಂಬತ್ತು ಕಲ್ಲು ಮೇಷ್ಟ್ರ ಮನೆಯ ಟ್ರಂಕಿನಲ್ಲಿದ್ದವು. ಅವನ್ನೂ ತಂದು ಹೊಂಗೆ ಮರದ ಬುಡದಲ್ಲೇ ಇಡಬೇಕೆಂದೆ.

"ಟ್ರಂಕಿನಲ್ಲಿದ್ದರೆ ಭದ್ರ ಅಲ್ವೇ ಸಾರ್?" ಎಂದರು ಅವರು.

"ಮನೆಯಲ್ಲಿದ್ದರೆ ಎಲ್ಲಿಂದಲೋ ತಂದದ್ದು ಅಂತಾರೆ ಮೇಷ್ಟ್ರೇ."

ಸಂಜೆಯೊಳಗೆ ಒಂಬತ್ತನ್ನೂ ಹಳೆಯ ಪಂಚೆಯಲ್ಲಿ ಕಟ್ಟಿಕೊಂಡು ತಂದಿಟ್ಟರು. ಆ ರಾತ್ರಿ ಅವರ ಮನೆಯಲ್ಲಿ ರಾಗಿಮುದ್ದೆ, ಹುರುಳಿ ಸಾರು ಉಂಡು ಮಲಗಿದೆ.

ಮಾರನೆಯ ದಿನ ಇಬ್ಬರೂ ರಾಯಕೋಟೆಯ ಮೇಲೆ ಕೃಷ್ಣಗಿರಿಗೆ ಹೋದೆವು. ಬಸ್ಸಿನ ಸೀಟು ಕೂರಲಾರದಷ್ಟು ಕಾದಿತ್ತು. ಗರಸುಗುಂಡಿಗಳಿಗೆ ಪರವಾನಗಿ ಕೊಡುವ ಕಚೇರಿಯಲ್ಲಿ ಹನ್ನೆರಡರವರೆಗೆ ಕಾಯಿಸಿ ಒಳಗೆ ಬಿಟ್ಟರು. ಅಧಿಕಾರಿ ತಮಿಳಿನಲ್ಲಿ, "ಎನ್ನ ಸಾರ್, ಕಲ್ಲುಕ್ಕಾಗ ಇವ್ವಳವು ದೂರಮಾ?" ಎಂದು ನಕ್ಕರು. ಕಲ್ಲಿಗೋಸ್ಕರ ಇಷ್ಟು ದೂರವೇ ಎಂದು. ಆದರೆ ಕೆಟ್ಟ ಮನುಷ್ಯನಲ್ಲ. ನಾನು ವಿವರಿಸಿದ್ದನ್ನೆಲ್ಲ ಕೇಳಿ, ಹದಿನೈದು ದಿನ ಗುಂಡಿಯ ಕೆಲಸ ನಿಲ್ಲಿಸಬೇಕೆಂದು ಆಗಲೇ ಕಾಗದ ಟೈಪ್ ಮಾಡಿಸಿದರು. ನಾಳೆ ಬೆಳಿಗ್ಗೆ ಒಬ್ಬ ಇನ್‌ಸ್ಪೆಕ್ಟರ್ ಬಂದು ಕಲ್ಲು ನೋಡುತ್ತಾರೆ ಎಂದರು. ಹೋಟೆಲಿನಲ್ಲಿ ನಾನು ಮೇಷ್ಟ್ರ ಕೈಯನ್ನು ಎರಡೆರಡು ಸಲ ಕುಲುಕಿದೆ. ಆ ಮೂವತ್ತು ಜನ ಹದಿನೈದು ದಿನ ಏನು ಮಾಡುತ್ತಾರೆ ಎಂದು ಅಧಿಕಾರಿ ಕೇಳಲಿಲ್ಲ. ನಾವಿಬ್ಬರೂ ಕೇಳಲಿಲ್ಲ.

ಸಂಜೆ ನಾಲ್ಕಕ್ಕೆ ಕಾಗದವನ್ನು ಗುಂಡಿಯ ಕೆಲಸ ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯ ಕೈಗೆ ಕೊಟ್ಟೆ. ಅವನು ನಿಧಾನವಾಗಿ ಓದಿ ಮಡಿಸಿದ. ಎಲ್ಲರನ್ನೂ ಮೇಲಕ್ಕೆ ಕರೆದ.

"ನಾಳಿಂದ ಕೆಲ್ಸ ಇಲ್ಲ. ಯಾಕೆ ಅಂತ ನನ್ನ ಕೇಳ್ಬ್ಯಾಡಿ, ಈ ಸಾರ್‌ನ ಕೇಳಿ."

ನಾನು ಆ ಕಲ್ಲುಗಳ ಮಹತ್ವ ಹೇಳಲು ಶುರುಮಾಡಿದೆ. ಬರೀ ಹದಿನೈದು ದಿನ ಎಂದೆ. ತಲೆಗೆ ಸಿಂಬೆ ಇಟ್ಟುಕೊಂಡಿದ್ದ ಮುದುಕಿಯೊಬ್ಬಳು, "ಹದ್ನೈದು ದಿನ ನಿಮ್ಮನೇಗೆ ಬಂದು ಉಣ್ಣಾನಾ ಸಾಮಿ?" ಎಂದಳು. ಆಮೇಲೆ ಅವಳು ನನ್ನನ್ನು ಬಿಟ್ಟು ಮುನಿಯಮ್ಮನ ಕಡೆ ತಿರುಗಿದಳು. "ನಿನ್ನಿಂದ್ಲೇ ಕಣೇ ಇದು. ಎಲ್ರೂ ಒಡ್ದು ಬಿಸಾಕ್ತಿರ್ಲಿಲ್ವಾ? ನಿಂಗೊಬ್ಳಿಗೆ ಯಾಕ್ ಬೇಕಿತ್ತು?" ಉಳಿದ ಹೆಂಗಸರು ಮುನಿಯಮ್ಮನಿಂದ ಸ್ವಲ್ಪ ದೂರ ಸರಿದು ನಿಂತರು. ಅವಳು ತಲೆ ಎತ್ತಲಿಲ್ಲ. ನಾನು ಮೇಷ್ಟ್ರ ಹಿಂದೆ ಬೇಗಬೇಗ ಹಳ್ಳಿಯ ದಾರಿ ಹಿಡಿದೆ.

ಶನಿವಾರ ಹತ್ತಕ್ಕೆ ಜೀಪು ಬಂತು. ಇನ್‌ಸ್ಪೆಕ್ಟರನ್ನು ಕರೆದುಕೊಂಡು ಹೊಂಗೆ ಮರದ ಹತ್ತಿರ ಹೋದೆವು. ಅಲ್ಲಿ ಮುಷ್ಟಿಗಿಂತ ಸಣ್ಣದಾದ, ಒಂದೇ ಅಳತೆಯ ಜಲ್ಲಿ ಬಿದ್ದಿತ್ತು. ಹೊಸದಾಗಿ ಒಡೆದ ಮುಖಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಗುಂಡಿಗೆ ಇಳಿದೆ. ಸೀಮೆಸುಣ್ಣದ ಗುರುತು ಇದ್ದ ಕಡೆಯೆಲ್ಲ ಗೋಡೆಯಲ್ಲಿ ಖಾಲಿ ಗುಳಿಗಳು. ಮೊಣಕಾಲೂರಿ ಜಲ್ಲಿಯನ್ನು ಕೆದಕಿದೆ. ಅರ್ಧ ಕಲ್ಲಾದರೂ ಸಿಗುತ್ತದೆಂದು ನೋಡಿದೆ. ಇನ್‌ಸ್ಪೆಕ್ಟರ್ ಕನಿಕರದಿಂದಲೇ ಕೇಳಿದರು: "ಇದು ಜಲ್ಲಿ ದಾನೇ ಸಾರ್?" ಬರೀ ಜಲ್ಲಿ ತಾನೇ ಎಂದು. ಇವು ನಿನ್ನೆಯವರೆಗೆ ಬೇರೆ ಏನೋ ಆಗಿದ್ದವು ಎಂದು ನಾನು ತೋರಿಸುವುದಾದರೂ ಹೇಗೆ? ಪುರಾತನ ವಸ್ತು ಯಾವುದೂ ಕಾಣಲಿಲ್ಲ, ಕೆಲಸ ಮುಂದುವರಿಸಬಹುದು ಎಂದು ಅವರು ಜೀಪಿನ ಬಾನೆಟ್ ಮೇಲೆ ಕಾಗದವಿಟ್ಟು ಬರೆದುಕೊಟ್ಟರು. ಮೇಸ್ತ್ರಿ ಹಳ್ಳಿಗೆ ಹೇಳಿಕಳಿಸಿದ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಬಂದರು.

ಮುನಿಯಮ್ಮ ತಾನಾಗಿಯೇ ನನ್ನ ಹತ್ತಿರ ಬಂದಳು.

"ನಾನೇ ಒಡ್ದೆ ಸಾಮಿ. ನಿನ್ನೆ ನೀವು ಹೋದ್ಮೇಲೆ."

"ನೀನಾ?"

"ಬೇರೇರ ಕೈಗೆ ಬಿಟ್ಟಿದ್ರೆ ಅವ್ರಿಗೆ ಯಾವ್ದು ಅಂತ ಗೊತ್ತಾಯ್ತಿರ್ಲಿಲ್ಲ. ನಂಗೆ ಗುರ್ತಿತ್ತು. ಒಂದೂ ಬಿಡ್ನಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಲಕ್ಷಾಂತರ ವರ್ಷದ ವಸ್ತು ಅದು, ಗೊತ್ತೇನಮ್ಮಾ?" ಎಂದು ಕೂಗಿದೆ.

"ಇರ್ಬೋದು ಸಾಮಿ," ಎಂದಳು. "ನಾಳೀಕೆ ನಾನು ಇವ್ರ ಜತೇಲೇ ಬುಟ್ಟಿ ಹೊರ್ಬೇಕು." ಅಷ್ಟು ಹೇಳಿ ಗುಂಡಿಗೆ ಇಳಿದಳು.

ಎರಡು ಗಂಟೆಯ ಹೊಸೂರು ಬಸ್ಸಿಗೆ ರಸ್ತೆ ಪಕ್ಕದಲ್ಲಿ ನಿಂತೆವು. ಬಸ್ಸಿನ ಸದ್ದು ಕೇಳಿಸಿದ ಮೇಲೆ ಮೇಷ್ಟ್ರು, ಆ ಕಡೆ ನೋಡುತ್ತಲೇ, "ಆ ಒಂಬತ್ತು ಕಲ್ಲು ನನ್ನ ಟ್ರಂಕಿನಲ್ಲಿ ಎರಡು ವರ್ಷ ಇದ್ದವು ಸಾರ್," ಎಂದರು. ದೂರು ಹೇಳುವ ದನಿಯಲ್ಲಿ ಅಲ್ಲ. ನಾನು ಏನಾದರೂ ಹೇಳಬೇಕಿತ್ತು. ಪತ್ರ ಬರೆಯುತ್ತೇನೆ ಎಂದೆ. ಬೇಡ ಎಂಬಂತೆ ಅವರು ಕೈಯಾಡಿಸಿದರು. ಆಮೇಲೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಈ ಕಲ್ಲುಗಳ ಬಗ್ಗೆ ಲೇಖನವನ್ನಂತೂ ನಾನು ಬರೆಯಲೇ ಇಲ್ಲ. ಬರೆದರೂ ಸಾಕ್ಷಿಗೆ ಜೊತೆಯಲ್ಲಿ ಏನು ಇಡಲಿ?

ಕಿಟಕಿಯ ಪಕ್ಕ ಕೂತು ಹಿಂದಕ್ಕೆ ನೋಡಿದೆ. ಲಾರಿಯೊಂದು ಹಿಮ್ಮುಖವಾಗಿ ಗುಂಡಿಯ ಅಂಚಿಗೆ ಬಂದಿತ್ತು. ಹೆಂಗಸರು ಸಾಲಾಗಿ ನಿಂತು ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಮುನಿಯಮ್ಮ ಸಾಲಿನ ಮಧ್ಯದಲ್ಲಿದ್ದಳು. ಅವಳ ಪಕ್ಕದಲ್ಲಿ ಸಿಂಬೆಯ ಮುದುಕಿ. ಮುದುಕಿ ಏನೋ ಅಂದಳು. ಮುನಿಯಮ್ಮ ಬುಟ್ಟಿ ಇಸಿದುಕೊಳ್ಳುತ್ತ ನಕ್ಕಳು.