ಮಲಗಿದಾಗ ತೆಗೆದ ಇಸಿಜಿ

ಆ ಬರಗಾಲದಲ್ಲಿ ಔರಾದ ಕಡೆಯ ನಮ್ಮೂರಿನಲ್ಲಿ ಕುರಿಗೆ ಮೇವು ಉಳಿದಿರಲಿಲ್ಲ. ಅಪ್ಪ ಕುರಿ ಹೊಡೆದುಕೊಂಡು ಗಡಿ ದಾಟಿ ಗೋದಾವರಿ ಕಡೆ ಹೊರಡುವವನಿದ್ದ. ಹೋದರೆ ಮಳೆ ಬೀಳುವ ತನಕ ತಿರುಗಿ ಬರುವುದಿಲ್ಲ. ಹೊರಡುವ ಮೊದಲು ನನ್ನನ್ನು ನೋಡಲು ಭಾಲ್ಕಿಗೆ ಬಂದ. ನಾನು ಅಲ್ಲಿ ಶಾಲೆಯ ಟೀಚರ್. ಊಟದ ನಡುವೆ, ಆಗಾಗ ಎದೆ ಹಿಡಿಯುತ್ತದೆ ಎಂದು ಬಾಯಿಬಿಟ್ಟ.

ಭಾಲ್ಕಿಯ ಡಾಕ್ಟರು ಅವನನ್ನು ಮಲಗಿಸಿ ಇಸಿಜಿ ತೆಗೆದರು. ಕಾಗದದಲ್ಲಿ ನಾರ್ಮಲ್ ಎಂದಿತ್ತು. ಓದಿದವಳಲ್ಲವೇ ನಾನು, "ಏನೂ ಆಗಿಲ್ಲಪ್ಪಾ" ಎಂದು ಜಂಬದಿಂದ ಹೇಳಿಬಿಟ್ಟೆ. ಅಪ್ಪ ಕಂಬಳಿ ಹೆಗಲಿಗೇರಿಸಿದ. ಡಾಕ್ಟರು ಮಾತ್ರ ಬಿಡಲಿಲ್ಲ. ಬೀದರಿಗೆ ಹೋಗಿ, ಓಡುವ ಪಟ್ಟಿಯ ಮೇಲೆ ನಡೆಸಿ ನೋಡುವ ಟಿಎಂಟಿ ಮಾಡಿಸಿರಿ ಎಂದು ಚೀಟಿ ಬರೆದರು.

"ದಿನಾ ಕುರಿ ಹಿಂದ ನಡಿತೇನ್ರಿ. ನಡಿಲಾಕ ಮಿಷಿನ್ ಯಾಕ ಬೇಕ್ರಿ?" ಎಂದ ಅಪ್ಪ. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತ್ತು.

ಬೀದರಿನಲ್ಲಿ ಬಸ್ಸಿಳಿದು ಆಸ್ಪತ್ರೆಯ ಏರು ಹತ್ತುವಾಗ ಅಪ್ಪ ಎರಡು ಸಲ ನಿಂತು ಅಂಗಡಿಯ ಬೋರ್ಡು ನೋಡಿದ. ಅಪ್ಪನಿಗೆ ಓದಲು ಬರುವುದಿಲ್ಲ. ಅವನ ಹೆಗಲ ಮೇಲಿನ ಕಂಬಳಿಯನ್ನು ನಾನು ತೆಗೆದುಕೊಂಡೆ.

ಎದೆಗೆ ತಂತಿ ಅಂಟಿಸಿ ಪಟ್ಟಿ ಚಾಲೂ ಮಾಡಿದರು. ಮೊದಮೊದಲು ಅಪ್ಪ ನನ್ನ ಕಡೆ ನೋಡಿ ನಕ್ಕ. ಪಟ್ಟಿ ಮೇಲಕ್ಕೆದ್ದು ಜೋರಾದಾಗ ನಗು ಹೋಯಿತು. ಪರದೆಯ ಮೇಲಿನ ಗೆರೆ ಕೆಳಗೆ ಕುಸಿಯಿತು.

"ಎದಿ ಹಿಡಿಲಾಕತ್ತದೇನ್ರಿ? ಖರೆ ಹೇಳ್ರಿ," ಎಂದರು ಅಲ್ಲಿಯ ಡಾಕ್ಟರು. ಅಪ್ಪ ಹಲ್ಲು ಕಚ್ಚಿ ನಡೆಯುತ್ತಲೇ ಇದ್ದ.

"ನಿಲ್ಲಸ್ರಿ ಅದನ್ನ!" ಎಂದು ನಾನೇ ಚೀರಿದೆ.

ಅಪ್ಪ ಸುಧಾರಿಸಿಕೊಂಡ ಮೇಲೆ ಡಾಕ್ಟರು ಬಿಡಿಸಿ ಹೇಳಿದರು: "ಮಲಗಿದಾಗ ಹೃದಯಕ್ಕ ರಕ್ತ ಸಾಕಾಗ್ತದರಿ. ಜೋರು ನಡದಾಗ ಸಾಲಂಗಿಲ್ಲ. ರಕ್ತನಾಳ ಸಣ್ಣಾದಂಗ ಕಾಣ್ತದ. ಆಂಜಿಯೋಗ್ರಾಂ ಮಾಡಿದ್ರ ಎಷ್ಟು ಅಂತ ತಿಳಿತದ. ಅಲ್ಲಿತನಕ ಕುರಿ ಹಿಂದ ಹೋಗಬ್ಯಾಡ್ರಿ."

ಮೊದಲಿನ ಕಾಗದ ನಂಬಿ ಅವನನ್ನು ಕಳಿಸಿಬಿಡುತ್ತಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಆದರೂ ಒಂದು ತಿಳಿಯಲಿಲ್ಲ. ದಿನವಿಡೀ ನಡೆಯುವವನು ಇಷ್ಟು ದಿನ ಹೇಗೆ ತಡೆದುಕೊಂಡ?

"ಕುರಿ ಮೇಯಲಾಕ ನಿಂತಾಗ ನೀನೂ ನಿಲ್ತಿದ್ದಿ. ಅದಕ್ಕ ಗೊತ್ತಾಗಿಲ್ಲ, ಹೌದಿಲ್ಲಪ್ಪಾ?" ಎಂದೆ.

ಅಪ್ಪ ನೆಲ ನೋಡುತ್ತ ಹೇಳಿದ:

"ಇಲ್ಲವ್ವ. ಎದಿ ಹಿಡದಾಗ ನಾನೇ ಸೀಟಿ ಹೊಡದು ಕುರಿ ನಿಲ್ಲಸ್ತಿದ್ದೆ. ದೀಪಾವಳಿಯಿಂದ ಹಿಂಗೇ ನಡದದ. ಒಂದು ಕಡ್ಡಿ ಹುಲ್ಲಿಲ್ಲದಲ್ಲೂ ನನ್ನ ಸಲುವಾಗಿ ನಿಲ್ತಿದ್ವು, ಹಸಿದ ಹೊಟ್ಟಿಲೆ."