ಉಡಿ ತುಂಬುವಾಗ ಬಾಯಿಗೆ ಬಂದ ಊರು

ಮೈಮೇಲೆ ದೇವರು ಬರುತ್ತದೆ ಅನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ನಮ್ಮ ಓಣಿಯ ಒಬ್ಬಾಕೆಗೆ ಅಮಾವಾಸ್ಯೆಗೊಮ್ಮೆ ಮೈ ತುಂಬುತ್ತಿತ್ತು. ಬೇಕಾದ ಸೀರೆ, ಬೇಡವಾದ ಸೊಸೆ, ಎಲ್ಲವನ್ನೂ ದೇವರ ಹೆಸರಿನಲ್ಲೇ ಹೇಳುತ್ತಿದ್ದಳು. ನಾನು ಎದುರಿಗೇ ನಕ್ಕಿದ್ದೇನೆ. ಹಾಗೆ ನಕ್ಕವಳು ಈಗ ಇಂಥದ್ದನ್ನು ಹೇಳುತ್ತಿದ್ದಾಳೆ ಎಂದು ನೀವೂ ನಗಬಹುದು. ನಗ್ರಿ, ಬೇಡ ಅನ್ನುವುದಿಲ್ಲ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಆದದ್ದನ್ನು ಆದಂತೆ ಹೇಳುವುದಷ್ಟೇ ಗೊತ್ತು.

ಎರಡು ವರ್ಷದ ಹಿಂದಿನ ಮಾತು. ನಮ್ಮ ಊರು ಗೊಳಸಂಗಿ. ಮೊಮ್ಮಗಳು ಸುಜಾತಾ ಮುದ್ದೇಬಿಹಾಳದಲ್ಲಿ ಸಾಲಿ ಕಲಿಸುತ್ತಾಳೆ. ಅವಳ ತಾಯಿ, ಅಂದರೆ ನನ್ನ ಸೊಸೆ, ಆರು ವರ್ಷ ಹಾಸಿಗೆ ಹಿಡಿದಿದ್ದಳು. ಮಾತೂ ನಿಂತುಹೋಗಿತ್ತು. ಸುಜಾತಾ ದಿನಾ ಬಸ್ಸಿಗೆ ಹೋಗಿ ಬಂದು, ಅವಳ ಮೈ ಒರೆಸಿ, ಮಗ್ಗಲು ಹೊರಳಿಸಿ, ರಾತ್ರಿ ಪಕ್ಕದಲ್ಲೇ ಮಲಗುತ್ತಿದ್ದಳು. ಓಣಿಯಲ್ಲಿ ಎಷ್ಟೋ ಮದುವೆ ಮೆರವಣಿಗೆ ಹೋದವು. ಅವಳ ಜೊತೆಯ ಹುಡುಗಿಯರು ಬ್ಯಾಂಡಿನ ಮುಂದೆ ಕುಣಿದರು, ಇವಳು ಕಿಟಕಿ ಮುಚ್ಚಿದಳು, ತಾಯಿಗೆ ಸಪ್ಪಳ ಆಗಬಾರದೆಂದು. ಸೊಸೆ ತೀರಿಕೊಂಡು ವರ್ಷ ತುಂಬಿದ ಮೇಲೆ ಒಂದು ದಿನ ನನ್ನ ಮುಂದೆ ಬಂದು ಕೂತಳು.

"ಆಯಿ, ನಾ ಒಬ್ಬಾಕೀನ ದೂರ ಹೋಗಿ ನಾಲ್ಕು ರಾತ್ರಿ ಕುಣದು ಬರ್ತೇನಿ. ನನ್ನ ಗುರ್ತ ಇಲ್ಲದ ಊರಾಗ."

"ದೂರ ಅಂದ್ರ ಎಲ್ಲಿ?"

"ಯುರೋಪ್."

"ಹೋಗು. ಪಗಾರ ನಿಂದು, ಕಾಲೂ ನಿಂದು" ಅಂದೆ.

ಅವಳಪ್ಪ, ನನ್ನ ಮಗ ಬಸಣ್ಣ, ಮೂರು ದಿನ ಕೂಗಾಡಿದ. "ದೇವರಿಗೆ ಹೋಗೂಣು ಅಂದ್ರ ಬಸ್ಸಿನ್ಯಾಗ ವಾಂತಿ ಬರ್ತೈತಿ ಅಂತಾಳ, ಕುಣಿಯಾಕ ವಿಮಾನ ಹತ್ತತಾಳಂತ!" ಕೂಗಿ ಕೂಗಿ ದಣಿದ ಮೇಲೆ ಹೋಗುವ ಮಾತು ಮುಗಿದು, ಯಾವ ಊರಿಗೆ ಅನ್ನುವ ಮಾತು ಸುರುವಾಯಿತು.

ರವಿವಾರಕ್ಕೊಮ್ಮೆ ಅದೇ ಪಂಚಾಯತಿ. ಬರ್ಲಿನ್ ಅಂತ ಒಂದು ಊರು, ಅಲ್ಲಿ ರಾತ್ರಿ ಸುರುವಾದ ಕುಣಿತ ಮರುದಿನ ಮಧ್ಯಾಹ್ನದ ತನಕ ನಡೆಯುತ್ತದಂತೆ. ಆದರೆ ತಾಸುಗಟ್ಟಲೆ ಸಾಲಿನಲ್ಲಿ ನಿಲ್ಲಿಸಿ, ಬಾಗಿಲಲ್ಲಿ ಮೋರೆ ನೋಡಿ ವಾಪಸ್ ಕಳಿಸುತ್ತಾರಂತೆ. "ಮೋರಿ ನೋಡಿ ಬ್ಯಾಡ ಅನ್ನಾಕ ಅಲ್ಲಿತನ ಯಾಕ ಹೋಗಬೇಕು, ಇಲ್ಲೇ ವರಗಳು ಅದಾವಲ್ಲ" ಎಂದು ಸುಜಾತಾ ತಾನೇ ನಕ್ಕು ಅದನ್ನು ಬಿಟ್ಟಳು. ಲಿಸ್ಬನ್ ಅಂತ ಇನ್ನೊಂದು, ಓಣಿ ಓಣಿಯಲ್ಲಿ ನಿಂತು ಕುಡಿದು ಹಾಡುವವರ ಊರು. ಬಲು ಏರು, ಬಲು ದೂರ. ನಾನು ಕೇಳುತ್ತಿದ್ದದ್ದು ಒಂದೇ: "ಕುಣದು ಮುಗಿದ ಮ್ಯಾಗ ಒಬ್ಬಾಕೀನ ಕೋಣಿಗೆ ಬಂದು ಮುಟ್ಟತೀಯೇನು?" ಆ ಲೆಕ್ಕದಲ್ಲಿ ವಿಯೆನ್ನಾ ಗೆದ್ದಿತು. ಸ್ವಚ್ಛ ಊರು, ಶುಕ್ರವಾರ ಶನಿವಾರ ರಾತ್ರಿಯೆಲ್ಲ ರೈಲು ಓಡುತ್ತದಂತೆ. ದೊಡ್ಡ ದೊಡ್ಡ ಸಂಗೀತದ ಮಂದಿರಗಳಿವೆ ಅಂದದ್ದಕ್ಕೆ ಬಸಣ್ಣನೂ ಒಪ್ಪಿದ. ಸುಜಾತಾ "ಆತು ಬಿಡ್ರಿ" ಅಂದಳು. ಹಾಗನ್ನುವಾಗ ಅವಳ ಮೋರೆ ಸಪ್ಪಗಿತ್ತು. ನನಗೆ ಕಂಡಿತು. ಸುಮ್ಮನಿದ್ದೆ, ಯಾಕೆಂದರೆ ನನಗೂ ವಿಯೆನ್ನಾವೇ ಸರಿ ಅನ್ನಿಸಿತ್ತು.

ಯಾವ ದೇಶಕ್ಕೆ ಹೋಗುತ್ತೇವೋ ಆ ದೇಶದ ವೀಸಾ ಕಾಗದವನ್ನೇ ಕೊಡಬೇಕಂತೆ. ಸೋಮವಾರ ಕೊಡುವುದಿತ್ತು. ಆಮೇಲೆ ಬದಲಿಸುವ ಮಾತಿಲ್ಲ. ತಾಯಿ ಹೋದ ಮೇಲೆ ಅವಳು ಮುದ್ದೇಬಿಹಾಳದಲ್ಲೇ ಕೋಣೆ ಹಿಡಿದಿದ್ದಳು, ವಿಮಾನಕ್ಕೂ ಅಲ್ಲಿಂದಲೇ ಹೊರಡುವವಳು. ಅದಕ್ಕೇ ಆ ರವಿವಾರ ಬೆಳಿಗ್ಗೆಯೇ ಉಡಿ ತುಂಬಲು ಕೂತೆ. "ಅವ್ವ, ನೀ ತುಂಬಬಾರದು, ಮಗ್ಗಲಮನಿ ಕಾಕೂನ್ನ ಕರೀತೇನಿ" ಎಂದ ಬಸಣ್ಣ. ಗಂಡ ಸತ್ತವರು ಉಡಿ ತುಂಬುವುದಿಲ್ಲವಲ್ಲ, ಅದಕ್ಕೆ.

"ಆಕೀಗೆ ಗಂಡ ಅದಾನ, ನನಗ ಮೊಮ್ಮಗಳು ಅದಾಳ. ಸರಿ ಆಚಿಗೆ" ಅಂದೆ.

ನಮ್ಮ ಮನೆಯ ಪದ್ಧತಿ ಹೀಗೆ: ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಕೂಡಿಸಿ ಐದು ಸಲ ಹಾಕಬೇಕು. ಐದನೆಯದಕ್ಕೆ ಊರಿನ ಹೆಸರು ಹೇಳಿ ಹೋಗಿ ಬಾ ಅನ್ನಬೇಕು. ಅಂದ ಊರನ್ನು ತಪ್ಪಿಸಬಾರದು. ಬಸಣ್ಣ ಇದನ್ನೆಲ್ಲ ಬಲು ನಂಬುವವನು. ನಾನು ನಂಬದೆ ಮಾಡುವವಳು. ಬೆಳಿಗ್ಗೆಯಿಂದ ವಿಯೆನ್ನಾ, ವಿಯೆನ್ನಾ ಎಂದು ಬಾಯಿಪಾಠ ಮಾಡಿಕೊಂಡಿದ್ದೆ. ಸುಜಾತಾ ಸೆರಗು ಒಡ್ಡಿದಳು. ಐದನೆಯ ಬೊಗಸೆ ಎತ್ತಿದೆ.

"ಬುಡಾಪೆಸ್ಟಿಗೆ ಹೋಗಿ ಬಾ" ಅಂದೆ.

ಮೈ ನಡುಗಲಿಲ್ಲ, ಕಣ್ಣು ಕತ್ತಲಾಗಲಿಲ್ಲ. ನನ್ನದೇ ದನಿ. ಆ ಹೆಸರು ಮಾತ್ರ ನನ್ನದಲ್ಲ. ಅದು ಊರೋ ಔಷಧವೋ ನನಗೆ ಗೊತ್ತಿರಲಿಲ್ಲ. ಸುಜಾತಾಳ ಕೈಯಿಂದ ಸೆರಗು ಜಾರಿ ಅಕ್ಕಿ ಎಲ್ಲ ನೆಲಕ್ಕೆ ಬಿತ್ತು.

"ಆಯಿ, ನಿನಗ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಅವಳು ಯಾರಿಗೂ ಹೇಳಿರಲಿಲ್ಲ. ಬಿದ್ದ ಹಳೆಯ ವಾಡೆಯಂಥ ದೊಡ್ಡ ಮನೆಗಳ ಅಂಗಳದಲ್ಲಿ ದೀಪ ಕಟ್ಟಿ, ಮುರುಕು ಕುರ್ಚಿ ಹಾಕಿ, ಬೆಳಗಾಗುವ ತನಕ ಕುಣಿಯುವ ಊರಂತೆ ಅದು. ಬಿದ್ದ ಗೋಡೆ ಕಂಡರೆ ಅಪ್ಪ ಬೇಡ ಅನ್ನುತ್ತಾನೆ ಎಂದು ಹೆಸರನ್ನೇ ಎತ್ತಿರಲಿಲ್ಲ. ಆರು ವರ್ಷ ತಾಯಿಯ ಮಗ್ಗಲಲ್ಲಿ ಮಲಗಿ, ಸಪ್ಪಳ ಬಂದ್ ಮಾಡಿ, ಮೊಬೈಲಿನಲ್ಲಿ ಆ ಊರಿನ ಕುಣಿತ ನೋಡುತ್ತಿದ್ದಳಂತೆ. "ನೋಡಿದ್ರ ಅವ್ವ ಒಬ್ಬಾಕಿ ನೋಡಿರಬೇಕು" ಅಂದಳು. ಆಮೇಲೆ ಬಸಣ್ಣ ನೆಲದ ಅಕ್ಕಿ ಬಳಿಯುತ್ತ, "ಉಡ್ಯಾಗ ಬಂದ ಊರು. ಅಲ್ಲಿಗೇ ಹೋಗಬೇಕು" ಅಂದ.

ಸೋಮವಾರದ ಕಾಗದ ಆ ದೇಶಕ್ಕೆ ಬದಲಿಸಿ ಕೊಟ್ಟು ಹೋದಳು. ನಾಲ್ಕು ರಾತ್ರಿ ಕುಣಿದು, ಹಿಮ್ಮಡಿಗೆ ಬೊಬ್ಬೆ ಎಬ್ಬಿಸಿಕೊಂಡು, ಗಂಟಲು ಕಟ್ಟಿಸಿಕೊಂಡು ಬಂದಳು. ಅವಳು ಅಷ್ಟು ಜೋರಾಗಿ ನಗುವುದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ.

ಟೀವಿಯಲ್ಲಿ ಕೇಳಿದ್ದೆನೇ, ನಿದ್ದೆಗಣ್ಣಿನಲ್ಲಿ ಅವಳು ಅಂದಿದ್ದಳೇ, ಎಲ್ಲ ವಿಚಾರ ಮಾಡಿ ನೋಡಿದ್ದೇನೆ. ಹೊಂದುವುದಿಲ್ಲ. ಬಸಣ್ಣ ಈಗ, "ನೀವಿಬ್ಬರೂ ಕೂಡಿ ನನಗ ಆಟ ಆಡಿಸಿದ್ರಿ" ಅನ್ನುತ್ತಾನೆ. ಸುಜಾತಾ, "ಆಯಿ ನನ್ನ ಮನಸ್ಸು ಓದಿದಳು" ಎಂದು ಸಾಲಿಯಲ್ಲಿ ಜೊತೆಗೆ ಕಲಿಸುವ ಬಾಯಾರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಅವರು ನನ್ನನ್ನು ಹೊಗಳುತ್ತಾರೆ. ಇಲ್ಲ ಅಂದರೆ ನಂಬುವುದಿಲ್ಲ. ನಾನು ಅವಳ ಸಪ್ಪ ಮೋರೆ ನೋಡಿಯೂ ವಿಯೆನ್ನಾಕ್ಕೇ ಕಳಿಸುವವಳಿದ್ದೆ. ಕಳಿಸಿದ್ದರೆ ಸುಮ್ಮನೆ ಹೋಗಿ ಸುಮ್ಮನೆ ಬರುತ್ತಿದ್ದಳು, ನಾನೂ ಒಳ್ಳೆಯದಾಯಿತು ಎಂದು ಕೂಡುತ್ತಿದ್ದೆ. ಅವತ್ತು ಅವಳ ಮೇಲೆ ಕರುಣೆ ಬಂದದ್ದು ಯಾರಿಗೋ, ನನಗಂತೂ ಅಲ್ಲ.